ಹನ್ನೆರಡು ಮೀಟರ್ ಬೆಲ್ಟ್ ಕನ್ವೇಯರ್: ಕಟ್ಟಿದ್ದು, ಕೆಟ್ಟಿದ್ದು, ಮತ್ತೆ ಕಟ್ಟಿದ್ದು

ನಿನ್ನೆ ಕನ್ವೇಯರ್ ಎಂಟು ಗಂಟೆ ನಿಲ್ಲದೆ ಓಡಿತು. ಬೆಲ್ಟಿನ ಎಡ ಅಂಚಿನಿಂದ 85 ಮಿ.ಮೀ. ಒಳಗೆ, 2.1 ಮಿ.ಮೀ. ಆಳದ ಒಂದು ಗೀರು ಪೂರ್ತಿ ಒಂದು ಸುತ್ತು ಬಿದ್ದಿದೆ. ಹೊಸ ಬೆಲ್ಟು, ಮೇಲಿನ ರಬ್ಬರ್ ಪದರವೇ 5 ಮಿ.ಮೀ. ಅದರಲ್ಲಿ ಅರ್ಧದ ಹತ್ತಿರ ಬಂದ ಈ ಗೀರಿಗೆ ನಾನೇ ಕಾರಣ. ಇಪ್ಪತ್ತಮೂರು ದಿನಗಳ ಕೆಲಸವನ್ನು ಬರೆದಿಡುವಾಗ ಆ ಗೀರಿನ ಕಥೆಯನ್ನು ಮುಚ್ಚಿಟ್ಟರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ.

ಬೇಕಾಗಿದ್ದು ಇಷ್ಟು: ನೆಲಮಟ್ಟದ ಹಾಪರಿನಿಂದ (ಜಲ್ಲಿ ತುಂಬುವ ಆಲಿಕೆಯಾಕಾರದ ತೊಟ್ಟಿ) 20 ಮಿ.ಮೀ. ಜಲ್ಲಿಯನ್ನು ಮೂರು ಮೀಟರಿಗೂ ಮಿಗಿಲಾಗಿ ಎತ್ತಿ ರಾಶಿಗೆ ಸುರಿಯಬೇಕು, ಗಂಟೆಗೆ 40 ಟನ್.

1–2ನೇ ದಿನ: ಲೆಕ್ಕ

ಬೆಲ್ಟು ಸುತ್ತುವ ಎರಡು ತುದಿಗಳ ಡ್ರಮ್ಮಿನಿಂದ ಡ್ರಮ್ಮಿಗೆ 12 ಮೀಟರ್, ಇಳಿಜಾರು 16 ಡಿಗ್ರಿ. ಒಡೆದ ಜಲ್ಲಿ 18 ಡಿಗ್ರಿಯವರೆಗೂ ನಿಲ್ಲುತ್ತದೆ, ಆದರೆ ಒದ್ದೆಯಾದಾಗ ಉರುಳಬಾರದೆಂದು ಎರಡು ಡಿಗ್ರಿ ಬಿಟ್ಟೆ. ಎತ್ತುವ ಎತ್ತರ 3.31 ಮೀಟರ್.

ಜಲ್ಲಿಯ ರಾಶಿ ಸಾಂದ್ರತೆ ಘನ ಮೀಟರಿಗೆ 1.6 ಟನ್. ಅಂದರೆ ಗಂಟೆಗೆ 25 ಘನ ಮೀಟರ್. 500 ಮಿ.ಮೀ. ಅಗಲದ ಬೆಲ್ಟು, 20 ಡಿಗ್ರಿ ತೊಟ್ಟಿಲು (ಪಕ್ಕದ ರೋಲರುಗಳು ಅಷ್ಟು ಮೇಲಕ್ಕೆ ಓರೆ), ಸೆಕೆಂಡಿಗೆ ಒಂದು ಮೀಟರ್ ವೇಗ. ಇಳಿಜಾರಿಗೆ ಕಳೆದ ಮೇಲೂ ಗಂಟೆಗೆ 65 ಘನ ಮೀಟರ್ ಹಿಡಿಯುತ್ತದೆ. ಅರ್ಧವೂ ತುಂಬುವುದಿಲ್ಲ, ಚೆಲ್ಲುವ ಭಯವಿಲ್ಲ ಎಂದು ಖುಷಿಪಟ್ಟೆ. ಆ ಹೆಚ್ಚುವರಿ ಸಾಮರ್ಥ್ಯವೇ ಮುಂದೆ ಕಾಟ ಕೊಟ್ಟಿತು.

ಎತ್ತುವುದಕ್ಕೆ ಬೇಕಾದ ಶಕ್ತಿ ಗಂಟೆಯ ಟನ್ ಗುಣಿಸು ಎತ್ತರ ಭಾಗಿಸು 367 (ಮಾನ ಬದಲಿಸುವ ಅಂಕಿ): 0.36 ಕಿಲೋವ್ಯಾಟ್. ರೋಲರುಗಳ ತಿಕ್ಕಾಟ, ಬೆಲ್ಟಿನ ತೂಕ, ಜಲ್ಲಿ ಪಕ್ಕಕ್ಕೆ ಚೆಲ್ಲದಂತೆ ಹಾಪರಿನ ಕೆಳಗೆ ನಿಲ್ಲಿಸುವ ಸ್ಕರ್ಟ್ ಪ್ಲೇಟುಗಳ ಉಜ್ಜಾಟ ಎಲ್ಲ ಸೇರಿ ಡ್ರಮ್ಮಿನ ಮೇಲೆ ಎಳೆತ ಸುಮಾರು 850 ನ್ಯೂಟನ್. ಗೇರ್‌ಬಾಕ್ಸಿನ ನಷ್ಟ ಸೇರಿಸಿದರೂ 1.1 ಕಿಲೋವ್ಯಾಟ್ ದಾಟುವುದಿಲ್ಲ. 2.2 ಕಿಲೋವ್ಯಾಟ್ ಮೋಟಾರು, 25ಕ್ಕೆ 1 ಹೆಲಿಕಲ್ ಗೇರ್‌ಬಾಕ್ಸ್ ತೆಗೆದುಕೊಂಡೆ. 1440 ಸುತ್ತಿನ ಮೋಟಾರಿಗೆ ಡ್ರಮ್ಮು ನಿಮಿಷಕ್ಕೆ 57.6 ಸುತ್ತು ಬರುತ್ತದೆ. ಮೋಟಾರು ತಿರುಗಿಸುವ ಈ ತಲೆಯ (ಮೇಲ್ತುದಿಯ) ಡ್ರಮ್ಮಿನ ವ್ಯಾಸ 320 ಮಿ.ಮೀ., ಕೆಳತುದಿಯ ಬಾಲದ ಡ್ರಮ್ಮು 270.

ಬೆಲ್ಟು ಮೂರು ಪದರದ ಇಪಿ 315, ಅಂದರೆ ಒಳಗೆ ಪಾಲಿಯೆಸ್ಟರ್–ನೈಲಾನ್ ಬಟ್ಟೆ. ಸಾಮಾನಿನ ಖರ್ಚಿನಲ್ಲಿ ಮೂರರಲ್ಲಿ ಒಂದು ಪಾಲು ಬೆಲ್ಟಿಗೇ ಹೋಯಿತು. ಗೀರು ನೋಡಿದಾಗ ಹೊಟ್ಟೆ ಉರಿಯಲು ಅದೂ ಒಂದು ಕಾರಣ.

3–7ನೇ ದಿನ: ಫ್ರೇಮು

100 ಮಿ.ಮೀ. ಚಾನೆಲ್, ಆರು ಮೀಟರಿನ ನಾಲ್ಕು ತುಂಡು, ನಡುವೆ ಪ್ಲೇಟ್ ಇಟ್ಟು ಬೋಲ್ಟಿನ ಜೋಡಣೆ. ಅಡ್ಡಪಟ್ಟಿಗಳು 50 ಮಿ.ಮೀ. ಆಂಗಲ್.

ಎರಡು ಚಾನೆಲ್ ಸೇರಿದ ಮೊದಲ ಆರು ಮೀಟರಿನ ಫ್ರೇಮಿಗೆ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಹಾಕಿ ಕರ್ಣ ಅಳೆದಾಗ ಎರಡೂ ಸಮ. ಆಮೇಲೆ ಒಂದೇ ಬದಿಯಲ್ಲಿ ತುದಿಯಿಂದ ತುದಿಗೆ ವೆಲ್ಡಿಂಗ್ ಎಳೆದುಬಿಟ್ಟೆವು. ತಣ್ಣಗಾದ ಮೇಲೆ ಅಳೆದರೆ ಕರ್ಣಗಳಲ್ಲಿ 9 ಮಿ.ಮೀ. ವ್ಯತ್ಯಾಸ, ಚಾನೆಲ್ ಬಿಲ್ಲಿನಂತೆ ಬಾಗಿತ್ತು. ಮೂರು ಅಡ್ಡಪಟ್ಟಿಗಳನ್ನು ಗ್ರೈಂಡರಿನಲ್ಲಿ ಕತ್ತರಿಸಿ, ಜಾಕ್ ಕೊಟ್ಟು ನೇರ ಮಾಡಿ, ಈ ಸಲ ಎಡಕ್ಕೊಂದು ಬಲಕ್ಕೊಂದು ಎಂದು ಬಿಟ್ಟುಬಿಟ್ಟು ಬೆಸೆದೆವು. 2 ಮಿ.ಮೀ. ಒಳಗೆ ಬಂತು. ಒಂದೂವರೆ ದಿನ ಹೋಯಿತು. ಎರಡನೆಯ ಫ್ರೇಮು ಅರ್ಧ ದಿನದಲ್ಲಿ ಮುಗಿಯಿತು.

ಹಾಪರಿನ ಕೆಳಗೆ 350 ಮಿ.ಮೀ. ಅಂತರದಲ್ಲಿ ರಬ್ಬರ್ ಬಳೆಗಳ ನಾಲ್ಕು ಇಂಪ್ಯಾಕ್ಟ್ ರೋಲರ್, ಅಲ್ಲಿಂದ ಮೇಲೆ ಮೀಟರಿಗೊಂದು ಮೂರು ರೋಲರಿನ ಐಡ್ಲರ್ (ಬೆಲ್ಟನ್ನು ಹೊರುವ ರೋಲರ್ ಚೌಕಟ್ಟು), ಕೆಳಗೆ ಮೂರು ಮೀಟರಿಗೊಂದು ಚಪ್ಪಟೆ ರೋಲರ್. ಐಡ್ಲರ್ ಕೂರುವ ರಂಧ್ರಗಳನ್ನು ಉದ್ದರಂಧ್ರ ಮಾಡಿದ್ದು ಒಳ್ಳೆಯದಾಯಿತು. ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಅದು 11ನೇ ದಿನದ ಮಾತು.

8–9ನೇ ದಿನ: ಡ್ರಮ್ಮು

ನಡುಗೆರೆಗೆ ದಾರ ಕಟ್ಟಿ, ತೂಗುಗುಂಡು ಬಿಟ್ಟು, ರಸಮಟ್ಟ ಇಟ್ಟು ಎರಡೂ ಡ್ರಮ್ಮು ಕೂರಿಸಿದೆವು. ಡ್ರಮ್ಮಿಗೆ ರಬ್ಬರ್ ಹೊದಿಕೆ ಹಾಕಿಸಬೇಕೇ ಎಂದು ಫಿಟ್ಟರ್ ಕೇಳಿದ. ಇಷ್ಟು ಚಿಕ್ಕದಕ್ಕೆ ಯಾಕೆ, ಬೇಕಾದರೆ ಆಮೇಲೆ ನೋಡೋಣ ಎಂದೆ. ಆತ ಒಂದು ಕ್ಷಣ ನನ್ನ ಮುಖ ನೋಡಿ ಸುಮ್ಮನಾದ.

10ನೇ ದಿನ: ಬೆಲ್ಟ್ ಜೋಡಣೆ, ಎರಡು ತಪ್ಪು

ಪ್ಲೇಟು ಮತ್ತು ಬೋಲ್ಟಿನ ಫಾಸ್ಟನರ್ ಬಳಸಿದೆ. ಬೆಲ್ಟಿನ ಅಂಚಿಗೆ ಮೂಲೆಮಟ್ಟ ಇಟ್ಟು ಗೆರೆ ಎಳೆದು ಕತ್ತರಿಸಿದೆ. ಇದು ಮೊದಲ ತಪ್ಪು. ಟೇಕ್‌ಅಪ್ ಸ್ಕ್ರೂವಿನ (ಬಾಲದ ಡ್ರಮ್ಮನ್ನು ಹಿಂದೆ ಸರಿಸಿ ಬೆಲ್ಟು ಬಿಗಿ ಮಾಡುವ ಸ್ಕ್ರೂ) ಒಟ್ಟು ಓಟ 300 ಮಿ.ಮೀ. ಬೆಲ್ಟನ್ನು ಸ್ವಲ್ಪ ಉದ್ದವೇ ಬಿಟ್ಟಿದ್ದರಿಂದ ಬಿಗಿಯಾಗುವಷ್ಟರಲ್ಲಿ 180 ಮಿ.ಮೀ. ಮುಗಿದಿತ್ತು. ಕತ್ತರಿಸಿದ ಬೆಲ್ಟು ಬೆಳೆಯುವುದಿಲ್ಲ ಎಂಬ ಭಯಕ್ಕೆ ಉದ್ದ ಬಿಟ್ಟೆ. ಹೊಸ ಬೆಲ್ಟು ಎಳೆತಕ್ಕೆ ಬೆಳೆಯುತ್ತದೆ ಎನ್ನುವುದು ನೆನಪಾಗಲಿಲ್ಲ. ನೂರಕ್ಕೆ ಒಂದರಷ್ಟು ಬೆಳೆದರೂ 25 ಮೀಟರಿಗೆ 250 ಮಿ.ಮೀ., ಸ್ಕ್ರೂವಿನಲ್ಲಿ 125. ನನ್ನ ಬಳಿ ಉಳಿದದ್ದು 120. ಇದು ಎರಡನೆಯ ತಪ್ಪು.

11ನೇ ದಿನ: ಖಾಲಿ ಓಟ

ಚಾಲೂ ಮಾಡಿದ ಅರ್ಧ ನಿಮಿಷದಲ್ಲಿ ಬೆಲ್ಟು ಬಾಲದ ಡ್ರಮ್ಮಿನಲ್ಲಿ ಬಲಕ್ಕೆ ಸರಿದು ಮತ್ತೆ ನಡುವಿಗೆ ಬಂತು. ಮತ್ತೆ ಬಲಕ್ಕೆ. ಬೆಲ್ಟು ರೋಲರಿನ ಯಾವ ತುದಿಯನ್ನು ಮೊದಲು ಮುಟ್ಟುತ್ತದೆಯೋ ಆ ಬದಿಗೆ ಸರಿಯುತ್ತದೆ ಎನ್ನುವುದು ಗೊತ್ತಿತ್ತು. ಹಾಗಾಗಿ ಒಂದು ಐಡ್ಲರನ್ನು ಸ್ವಲ್ಪ ತಿರುಗಿಸಿದೆ. ಬಗ್ಗಲಿಲ್ಲ. ಇನ್ನೊಂದು. ಮತ್ತೊಂದು. ಉದ್ದರಂಧ್ರಗಳಿದ್ದವಲ್ಲ, ಕೈ ಸುಮ್ಮನಿರಲಿಲ್ಲ. ಸಂಜೆಯ ಹೊತ್ತಿಗೆ ಏಳು ಐಡ್ಲರುಗಳು ಏಳು ದಿಕ್ಕಿಗೆ ನೋಡುತ್ತಿದ್ದವು. ಬೆಲ್ಟು ಈಗ ಎರಡೂ ಕಡೆ ಸರಿಯುತ್ತಿತ್ತು.

12ನೇ ದಿನ: ಸೀಮೆಸುಣ್ಣ

ಬೆಳಿಗ್ಗೆ ಬಂದ ಫಿಟ್ಟರ್ ಏಳೂ ಐಡ್ಲರುಗಳನ್ನು ದಾರಕ್ಕೆ ಸರಿಯಾಗಿ ವಾಪಸು ಕೂರಿಸಿದ. ಬೆಲ್ಟಿನ ಜೋಡಣೆಯ ಪಕ್ಕ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದು ಚಾಲೂ ಮಾಡಿ, "ಈಗ ಬೆಲ್ಟನ್ನು ನೋಡಬೇಡಿ ಸಾರ್, ಗೆರೆಯನ್ನು ನೋಡಿ" ಎಂದ.

ನೋಡಿದೆ. ಬಾಲದ ಡ್ರಮ್ಮಿನಲ್ಲಿ ಗೆರೆ ಬಂದಾಗ ಮಾತ್ರ ಬೆಲ್ಟು ಬಲಕ್ಕೆ ಜಿಗಿಯುತ್ತಿತ್ತು. ತಲೆಯ ಡ್ರಮ್ಮಿನ ಬಳಿ ನಿಂತೆ, ಅಲ್ಲಿಯೂ ಗೆರೆ ಬಂದಾಗಲೇ. ಮಧ್ಯದಲ್ಲಿಯೂ ಅಷ್ಟೇ. ಬೆಲ್ಟಿನ ಒಂದೇ ಭಾಗ ಎಲ್ಲ ಕಡೆಯಲ್ಲೂ ಸರಿದರೆ ದೋಷ ಬೆಲ್ಟಿನದು. ಬೆಲ್ಟಿನ ಎಲ್ಲ ಭಾಗವೂ ಒಂದೇ ಜಾಗದಲ್ಲಿ ಸರಿದರೆ ದೋಷ ಆ ಜಾಗದ ರೋಲರಿನದು. ಇದನ್ನು ನೋಡದೆಯೇ ನಿನ್ನೆ ಇಡೀ ದಿನ ಸ್ಪ್ಯಾನರ್ ತಿರುವಿದ್ದೆ.

ಬೆಲ್ಟನ್ನು ಬಿಚ್ಚಿ ನೆಲದ ಮೇಲೆ ಹಾಸಿದೆವು. ತುದಿಯಿಂದ ಆರು ಮೀಟರಿನವರೆಗೆ ಅಲ್ಲಲ್ಲಿ ಅಗಲ ಅಳೆದು ನಡುಬಿಂದು ಗುರುತಿಸಿ ದಾರ ಹಿಡಿದಾಗ ಗುಟ್ಟು ಬಯಲಾಯಿತು: ಅಂಚು ನೇರವಿರಲಿಲ್ಲ. ಅಗಲದ ಸುರುಳಿಯಿಂದ ಸೀಳಿದ ಬೆಲ್ಟು, ತುದಿಯ ಬಳಿ ಅಂಚು ಸ್ವಲ್ಪ ಬಳುಕಿತ್ತು. ಆ ಬಳುಕಿಗೆ ಮೂಲೆಮಟ್ಟ ಇಟ್ಟು ನಾನು ಕತ್ತರಿಸಿದ ಗೆರೆ 500 ಮಿ.ಮೀ. ಅಗಲಕ್ಕೆ 5 ಮಿ.ಮೀ. ಓರೆ. ಈ ಸಲ ಅಂಚನ್ನು ಬಿಟ್ಟು ನಡುಗೆರೆಗೆ ಮೂಲೆಮಟ್ಟ ಇಟ್ಟೆ. ಕತ್ತರಿಸುವ ಮುಂಚೆ ನಡುಗೆರೆಯ ಮೇಲೆ ಎರಡು ಮೀಟರ್ ದೂರದ ಒಂದು ಬಿಂದುವಿನಿಂದ ಕತ್ತರಿಸುವ ಗೆರೆಯ ಎರಡೂ ತುದಿಗೆ ಟೇಪ್ ಹಿಡಿದೆ. ಎರಡೂ ಸಮ ಬಂದ ಮೇಲೆಯೇ ಚಾಕು. ಓರೆ ತೆಗೆಯಲು ಎರಡೂ ತುದಿಯಿಂದ ಕೂದಲೆಳೆಯಷ್ಟು ಕೊಯ್ದದ್ದರಿಂದ ಟೇಕ್‌ಅಪ್ಪಿನ ಲೆಕ್ಕ ಹಾಗೆಯೇ ಉಳಿಯಿತು.

ಮಧ್ಯಾಹ್ನ ಖಾಲಿ ಓಟ. ಯಾವ ಐಡ್ಲರನ್ನೂ ಮುಟ್ಟದೆ ಬೆಲ್ಟು ನಡುವೆ ಓಡಿತು, ಆಚೀಚೆ 10 ಮಿ.ಮೀ. ಒಳಗೆ.

13–15ನೇ ದಿನ: ಜಾರಿಕೆ, ಬಿಗಿ, ಮತ್ತೆ ಜಾರಿಕೆ

ಹಾಪರ್ ತುಂಬಿ ಬಾಗಿಲು ತೆರೆದೆವು. ಹತ್ತು ನಿಮಿಷ ಚೆನ್ನಾಗಿತ್ತು. ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಡ್ರಮ್ಮು ತಿರುಗಿತು, ಬೆಲ್ಟು ನಿಂತೇ ಇತ್ತು. ಸುಟ್ಟ ರಬ್ಬರಿನ ವಾಸನೆ. ಸ್ಕ್ರೂ ಬಿಗಿ ಮಾಡಿದೆ, 30 ಮಿ.ಮೀ. ಹೊರಟಿತು.

ಅಂದು ರಾತ್ರಿ ಮಳೆ. ಬೆಳಿಗ್ಗೆ ಖಾಲಿ ಬೆಲ್ಟೂ ತೆವಳುತ್ತ ಹೊರಟಿತು, ಜಲ್ಲಿ ಬಿದ್ದ ಕೂಡಲೇ ನಿಂತಿತು. ಮತ್ತೆ ಬಿಗಿ. ಮರುದಿನ ಮತ್ತೆ ಬಿಗಿ. 15ನೇ ದಿನ ಸಂಜೆ ಸ್ಕ್ರೂ ತುದಿ ಮುಟ್ಟಿತು. ಬಾಲದ ಬೇರಿಂಗ್ ಕೈ ಇಡಲಾಗದಷ್ಟು ಬಿಸಿ.

ಆಗ ಕುಳಿತು, ಎರಡನೇ ದಿನವೇ ಮಾಡಬೇಕಾಗಿದ್ದ ಲೆಕ್ಕ ಮಾಡಿದೆ. ಬೆಲ್ಟು ಡ್ರಮ್ಮನ್ನು ಅರ್ಧ ಸುತ್ತು ಬಳಸುತ್ತದೆ. 850 ನ್ಯೂಟನ್ ಎಳೆಯಬೇಕಾದರೆ, ಒಣ ಬರಿ ಉಕ್ಕಿನ ಮೇಲೆ ಘರ್ಷಣೆ 0.3 ಹಿಡಿದರೆ ಸಡಿಲ ಬದಿಯಲ್ಲಿ 540 ನ್ಯೂಟನ್ ಬಿಗಿ ಸಾಕು. ಅದೇ ಉಕ್ಕು ಒದ್ದೆಯಾಗಿ ಕೆಸರಾದರೆ ಘರ್ಷಣೆ 0.1ಕ್ಕೆ ಇಳಿಯುತ್ತದೆ, ಬೇಕಾದ ಬಿಗಿ 2300 ನ್ಯೂಟನ್! ರಬ್ಬರ್ ಹೊದಿಕೆಯಿದ್ದರೆ ಒದ್ದೆಯಲ್ಲೂ 0.25 ಸಿಗುತ್ತದೆ, 715 ಸಾಕು. ಅಂದರೆ ಮೂರು ದಿನ ನಾನು ಹತ್ತು ಮಿ.ಮೀ. ರಬ್ಬರಿನ ಕೆಲಸವನ್ನು ಸ್ಕ್ರೂವಿನಿಂದಲೂ ಬೇರಿಂಗಿನಿಂದಲೂ ಮಾಡಿಸಲು ಹೊರಟಿದ್ದೆ.

16–17ನೇ ದಿನ: ರಬ್ಬರ್ ಹೊದಿಕೆ

ಡ್ರಮ್ಮು ಇಳಿಸಿ ಬಣ್ಣವನ್ನೆಲ್ಲ ಗ್ರೈಂಡರಿನಲ್ಲಿ ಕೆತ್ತಿ ಹೊಳೆಯುವ ಉಕ್ಕಿಗೆ ತಂದೆವು. 10 ಮಿ.ಮೀ. ದಪ್ಪದ, ವಜ್ರಾಕಾರದ ತೋಡುಗಳಿರುವ ರಬ್ಬರ್ ಹಾಳೆ, ತಣ್ಣನೆಯ ಅಂಟು ಎರಡು ಸಲ. ಮೊದಲ ಪಟ್ಟಿ ಅಂಟಿಸಿದ ಗಂಟೆಯೊಳಗೆ ಒಂದು ಮೂಲೆ ಎದ್ದಿತು. ನೋಡಿದರೆ ಅಲ್ಲಿ ಗ್ರೀಸ್ ಹತ್ತಿದ ಬೆರಳಿನ ಗುರುತು. ಕಿತ್ತು, ಒರೆಸಿ, ಮತ್ತೆ ಅಂಟಿಸಿ, ನಡುವಿನಿಂದ ಅಂಚಿನ ಕಡೆಗೆ ಸುತ್ತಿಗೆಯಿಂದ ಬಡಿದು ಒಂದು ಹಗಲು ಒಂದು ರಾತ್ರಿ ಬಿಟ್ಟೆವು.

ಅಷ್ಟರಲ್ಲಿ ಬೆಲ್ಟಿನಿಂದ 300 ಮಿ.ಮೀ. ಕತ್ತರಿಸಿ ತೆಗೆದೆ. ಸ್ಕ್ರೂ 150 ಹಿಂದೆ ಬಂತು. ಡ್ರಮ್ಮಿನ ವ್ಯಾಸ 340 ಆದದ್ದರಿಂದ ಬೆಲ್ಟು ಅದನ್ನು ಬಳಸಿ ಬರಲು 31 ಮಿ.ಮೀ. ಹೆಚ್ಚು ಬೇಕಾಯಿತು, ಅದಕ್ಕಾಗಿ ಸ್ಕ್ರೂವನ್ನು ಇನ್ನೂ 16 ಸಡಿಲಿಸಿದೆ. ಈಗ 166 ಮಿ.ಮೀ. ಕೈಯಲ್ಲಿದೆ. ವೇಗ 0.96ರಿಂದ 1.02 ಮೀಟರಿಗೆ ಏರಿತು.

ಒದ್ದೆ ಜಲ್ಲಿ ಸುರಿದು ಬೇಕೆಂದೇ ನಾಲ್ಕು ಸಲ ನಿಲ್ಲಿಸಿ ಹೊರಡಿಸಿದೆ. ಒಮ್ಮೆಯೂ ಜಾರಲಿಲ್ಲ. ಫಿಟ್ಟರ್ ಏನೂ ಹೇಳಲಿಲ್ಲ. ಅವನ ಆ ಮೌನಕ್ಕೆ ನಾನು ಅರ್ಹನಾಗಿದ್ದೆ.

18ನೇ ದಿನ: ಹಿಂದಕ್ಕೆ ಓಡಿದ ಬೆಲ್ಟು

ಬೆಲ್ಟು ತುಂಬಿದ್ದಾಗ ವಿದ್ಯುತ್ ಹೋಯಿತು. ಅರೆಕ್ಷಣ ನಿಂತಂತೆ ಮಾಡಿ ಬೆಲ್ಟು ಹಿಂದಕ್ಕೆ ಹೊರಟಿತು, ನಿಧಾನಕ್ಕೆ ಆರಂಭಿಸಿ ವೇಗ ಹಿಡಿದು. ನೂರು ಕಿಲೋಗೂ ಹೆಚ್ಚು ಜಲ್ಲಿ ಬಾಲದ ಡ್ರಮ್ಮಿನ ಮೇಲೆ ಸುರಿದು ಡ್ರಮ್ಮನ್ನೇ ಹೂತುಹಾಕಿತು. ಯಾರೂ ಹತ್ತಿರ ಇರಲಿಲ್ಲ, ಅದು ಅದೃಷ್ಟವೇ ಹೊರತು ಏರ್ಪಾಡಲ್ಲ.

ಇಳಿಜಾರಿನಲ್ಲಿ ಜಲ್ಲಿಯ ತೂಕ ಬೆಲ್ಟನ್ನು ಕೆಳಕ್ಕೆ ಎಳೆಯುವ ಬಲ ನನ್ನ ಲೆಕ್ಕದಲ್ಲೇ 360 ನ್ಯೂಟನ್ ಇತ್ತು. ತಿಕ್ಕಾಟ 420. ತಿಕ್ಕಾಟವೇ ಹೆಚ್ಚು, ಹಿಂದೆ ಬರುವುದಿಲ್ಲ ಎಂದು, ಹಿಂದೋಟ ತಡೆಯುವ ಹೋಲ್ಡ್‌ಬ್ಯಾಕ್ ಬಿಟ್ಟಿದ್ದೆ. ಮೋಟಾರು ಆಯ್ಕೆ ಮಾಡುವಾಗ ತಿಕ್ಕಾಟವನ್ನು ಧಾರಾಳವಾಗಿ ಹಿಡಿಯುತ್ತೇವೆ, ಅದು ಸರಿ. ಹಿಂದೋಟದ ಪ್ರಶ್ನೆಗೆ ಅದೇ ಅಂಕಿ ಮೋಸ ಮಾಡುತ್ತದೆ. ಇಲ್ಲಿ ಅರ್ಧವನ್ನಷ್ಟೇ ನಂಬಬೇಕು. ಅರ್ಧವೆಂದರೆ 210, ಎದುರಿಗೆ 360.

ಗೇರ್‌ಬಾಕ್ಸಿನ ವೇಗದ ಶಾಫ್ಟಿಗೆ ಒಂದೇ ದಿಕ್ಕಿಗೆ ತಿರುಗುವ ಹೋಲ್ಡ್‌ಬ್ಯಾಕ್ ಕೂರಿಸಿದೆವು. ಕೂರಿಸುವ ಮುಂಚೆ ಕಪ್ಲಿಂಗ್ ಬಿಚ್ಚಿ ಮೋಟಾರನ್ನು ಒಂಟಿಯಾಗಿ ತಿರುಗಿಸಿ ನೋಡಲೇಬೇಕೆಂದು ಫಿಟ್ಟರ್ ಹಟ ಹಿಡಿದ. ಈ ಸಲ ನಾನು ವಾದಿಸಲಿಲ್ಲ. ನೋಡಿದರೆ ಮೋಟಾರು ತಿರುಗುಮುರುಗಾಗಿ ತಿರುಗುತ್ತಿತ್ತು. ಇದಕ್ಕೆ ಸ್ವಲ್ಪ ಮುಂಚೆ ಕೇಬಲ್ ಬದಲಿಸಿದಾಗ ಎರಡು ಫೇಸ್ ಅದಲುಬದಲಾಗಿದ್ದವು. ಹಾಗೆಯೇ ಜೋಡಿಸಿ ಗುಂಡಿ ಒತ್ತಿದ್ದರೆ ಹೊಸ ಹೋಲ್ಡ್‌ಬ್ಯಾಕ್ ಮೊದಲ ಸೆಕೆಂಡಿನಲ್ಲೇ ಮುರಿಯುತ್ತಿತ್ತು.

ಬಾಲದ ಡ್ರಮ್ಮಿನ ಜಲ್ಲಿ ತೆಗೆಯುವಾಗ ಇನ್ನೊಂದು ನಡೆಯಿತು. ಸಹಾಯಕ್ಕಿದ್ದ ಹುಡುಗ, ಬೆಲ್ಟು ನಿಧಾನಕ್ಕೆ ಓಡುತ್ತಿರಲಿ, ಕಂಬಿಯಿಂದ ಕೆರೆದರೆ ಬೇಗ ಆಗುತ್ತದೆ ಎಂದು ಕಂಬಿ ಚಾಚಿದ. ಕೂಗಿ ನಿಲ್ಲಿಸಿದೆ. ಡ್ರಮ್ಮಿಗೂ ಬೆಲ್ಟಿಗೂ ನಡುವೆ ಕಂಬಿ ಸಿಕ್ಕರೆ ಬಿಡುವಷ್ಟು ಸಮಯ ಕೈಗೆ ಸಿಗುವುದಿಲ್ಲ. ಅಂದು ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಎರಡೂ ಡ್ರಮ್ಮಿಗೆ ಜಾಲರಿ ಮುಚ್ಚಳ, ಓಡಾಡುವ ಬದಿಗೆ ಉದ್ದಕ್ಕೂ ಎಳೆದರೆ ನಿಲ್ಲುವ ಹಗ್ಗದ ಸ್ವಿಚ್, ಮುಖ್ಯ ಸ್ವಿಚ್ಚಿಗೆ ಬೀಗ. ಕೀಲಿ ಯಾರು ಕೈ ಹಾಕುತ್ತಾರೋ ಅವರ ಜೇಬಿನಲ್ಲಿ. ಇದನ್ನು 11ನೇ ದಿನದ ಓಟಕ್ಕೆ ಮುಂಚೆಯೇ ಮಾಡಬೇಕಿತ್ತು.

19ನೇ ದಿನ: ಹಾಪರಿನ ಬಾಗಿಲು

ಮೊದಲ ಜಾರಿಕೆ ಒಣ ಡ್ರಮ್ಮಿನಲ್ಲಿ ಯಾಕಾಯಿತು ಎನ್ನುವುದು ತಲೆ ತಿನ್ನುತ್ತಿತ್ತು. ಉತ್ತರ ಬಾಗಿಲಿನಲ್ಲಿತ್ತು. ಪೂರ್ತಿ ತೆರೆದ ಬಾಗಿಲಿನಿಂದ ಬೆಲ್ಟು ತಾನು ಹಿಡಿಯುವಷ್ಟನ್ನೂ ಎಳೆದುಕೊಳ್ಳುತ್ತದೆ, ಗಂಟೆಗೆ 40 ಟನ್ನಲ್ಲ, 100 ಟನ್. ಜೊತೆಗೆ ಹಾಪರಿನ ಜಲ್ಲಿಯ ಕಂಬ ಬೆಲ್ಟಿನ ಮೇಲೆಯೇ ಕುಳಿತಿರುತ್ತದೆ. ಹೊರಡುವಾಗ ಅದನ್ನು ಸೀಳಿಕೊಂಡು ಹೊರಡಬೇಕು.

ಬಾಯಿಯನ್ನು 100 ಮಿ.ಮೀ. ಅಗಲಕ್ಕೆ ಕಿರಿದು ಮಾಡಿ, ಎತ್ತರ 70ಕ್ಕೆ ಇಟ್ಟೆ. ಅದಕ್ಕಿಂತ ಕಡಿಮೆ ಮಾಡಿದರೆ 20 ಮಿ.ಮೀ. ಕಲ್ಲು ಕಮಾನು ಕಟ್ಟಿ ನಿಲ್ಲುತ್ತದೆ. ಹಾಪರಿನ ಒಳಗೆ ಬಾಯಿಯ ಮೇಲೆ ಓರೆಯಾದ ಒಂದು ತಟ್ಟೆ ಬೆಸೆದು ಕಂಬದ ಭಾರ ಅದರ ಮೇಲೆ ಬೀಳುವಂತೆ ಮಾಡಿದೆ.

ಅಳತೆ ಹೀಗೆ: ಓಡುವ ಬೆಲ್ಟನ್ನು ನಿಲ್ಲಿಸಿ, ಬೀಗ ಹಾಕಿ, ಒಂದು ಮೀಟರ್ ಉದ್ದದ ಜಲ್ಲಿಯನ್ನು ಎರಡು ತಗಡಿನಿಂದ ಬೇರ್ಪಡಿಸಿ ಗೋರಿ ತೂಗಿದೆ. 70ರಲ್ಲಿ 9 ಕಿಲೋ. 85ಕ್ಕೆ ಏರಿಸಿದಾಗ 11.2 ಕಿಲೋ. 1.02 ಮೀಟರ್ ವೇಗಕ್ಕೆ ಗಂಟೆಗೆ 41 ಟನ್. ಹಿಡಿಯನ್ನು ಅಲ್ಲೇ ಬೋಲ್ಟ್ ಹಾಕಿ ಬಿಗಿದುಬಿಟ್ಟೆ.

20–21ನೇ ದಿನ: ಗೀರು

ತೂಗಲೆಂದು ಜಲ್ಲಿ ಗೋರಿದ ಜಾಗದಲ್ಲಿ ಬೆಲ್ಟು ಬರಿದಾಗಿತ್ತು. ಬೆಳಕು ಓರೆಯಾಗಿ ಬಿದ್ದಾಗ ಒಂದು ಕಪ್ಪು ಗೆರೆ ಕಂಡಿತು. ಬೆರಳು ಇಟ್ಟರೆ ಉಗುರು ಸಿಕ್ಕಿಕೊಂಡಿತು. ಕೈಯಿಂದ ಬೆಲ್ಟು ತಿರುಗಿಸುತ್ತ ಹೋದೆ, ಗೆರೆ ಮುಗಿಯಲೇ ಇಲ್ಲ, ಸುತ್ತು ಬಂದು ತನ್ನನ್ನೇ ಸೇರಿಕೊಂಡಿತು.

ಹಾಪರಿನ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟೆ. ಎಡ ಸ್ಕರ್ಟ್ ಪ್ಲೇಟಿನ ಮುಂದಿನ ತುದಿಯಲ್ಲಿ, ಪ್ಲೇಟಿಗೂ ಬೆಲ್ಟಿಗೂ ನಡುವೆ, ಒಂದು ಕಲ್ಲು ಬೆಣೆಯಂತೆ ಕುಳಿತಿತ್ತು. ಮೂಲೆಯೊಂದು ಕೆಳಗೆ, ನೇಗಿಲ ಕುಳದಂತೆ. ತೆಗೆದರೆ ಆ ಮೂಲೆ ನಯವಾಗಿ ಸವೆದು ಹೊಳೆಯುತ್ತಿತ್ತು.

ಸ್ಕರ್ಟಿನ ಕೆಳ ಅಂಚಿಗೂ ಬೆಲ್ಟಿಗೂ ನಡುವಿನ ಸಂದನ್ನು ಅಳೆದೆ. ಹಿಂದೆ 14 ಮಿ.ಮೀ., ಮುಂದೆ 6. ಬೆಲ್ಟು ಓಡುವ ದಿಕ್ಕಿಗೆ ಸಂದು ಕಿರಿದಾಗುತ್ತ ಹೋಗಿತ್ತು. ಹಿಂದೆ ನುಗ್ಗಿದ ಸಣ್ಣ ಚೂರು ಮುಂದೆ ಹೋಗುತ್ತ ಸಿಕ್ಕಿಕೊಳ್ಳದೆ ಇನ್ನೇನು ಮಾಡೀತು? ಮುಂದೆ ದೂಳು ಚೆಲ್ಲಬಾರದೆಂದು ಮುಂದಿನ ಬೋಲ್ಟುಗಳನ್ನು ಕೆಳಗೆ ಒತ್ತಿ ಬಿಗಿದವನು ನಾನೇ, 13ನೇ ದಿನ, ಐದು ನಿಮಿಷದ ಕೆಲಸ. ಲೆಕ್ಕದ ಪುಸ್ತಕದಲ್ಲಿ ಈ ಸಂದಿಗೆ ಒಂದು ಸಾಲೂ ಇರಲಿಲ್ಲ.

ಪ್ಲೇಟ್ ಬಿಚ್ಚಿ ಕೆಳ ಅಂಚನ್ನು ಓರೆಯಾಗಿ ಕೊಯ್ದು ತಿರುಗಿಸಿದೆ: ಹಿಂದೆ 5 ಮಿ.ಮೀ., ಮುಂದೆ 15. ಒಳ ನುಗ್ಗಿದ ಕಲ್ಲು ಮುಂದೆ ಸಾಗಿದಂತೆ ಬಿಡಿಸಿಕೊಳ್ಳಬೇಕು. ಸಂದು ಮುಚ್ಚಲು ಹೊರಗಿನಿಂದ ಮೆತ್ತನೆಯ ರಬ್ಬರ್ ಪಟ್ಟಿ, ಬೆಲ್ಟನ್ನು ಮುಟ್ಟಿಯೂ ಮುಟ್ಟದಂತೆ. ಹಳೆಯ ಬೆಲ್ಟಿನ ತುಂಡು ಇಡಬಾರದು. ಅದರೊಳಗಿನ ಬಟ್ಟೆಯ ಪದರಕ್ಕೆ ಕಲ್ಲುಪುಡಿ ಅಂಟಿ ಅರದಂತೆ ಉಜ್ಜುತ್ತದೆ. ಕತ್ತರಿಸಿದ 300 ಮಿ.ಮೀ. ತುಂಡು ಕೈಗೆಟುಕುವಲ್ಲೇ ಇತ್ತು, ಆಸೆಯೂ ಆಗಿತ್ತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಬಲಗಡೆಯ ಸ್ಕರ್ಟನ್ನೂ ಅಂದೇ ಬಿಚ್ಚಿ ನೋಡಿದೆ. ಅಲ್ಲಿ ಸಂದು ಉದ್ದಕ್ಕೂ ಸಮನಾಗಿತ್ತು, ಗೀರಿಲ್ಲ. ಅದನ್ನೂ ಮುಂದಕ್ಕೆ ಅಗಲ ಮಾಡಿದೆ.

22ನೇ ದಿನ: ಕೆಳಬದಿ

ತಲೆಯ ಡ್ರಮ್ಮಿನ ಮೂಗಿನ ಕೆಳಗೆ, ಬೆಲ್ಟಿಗೆ ಅಂಟಿದ್ದನ್ನು ಕೆರೆಯುವ ಪಾಲಿಯುರಿಥೇನ್ ಸ್ಕ್ರೇಪರ್. ಫಾಸ್ಟನರಿನ ಬೋಲ್ಟು ತಲೆಗಳು ಅದಕ್ಕೆ ಟಕಟಕ ಬಡಿಯುತ್ತಿದ್ದವು. ಬೋಲ್ಟುಗಳನ್ನು ಇನ್ನಷ್ಟು ರಬ್ಬರಿನೊಳಗೆ ಬಿಗಿದು, ಉಳಿದ ತುದಿಗಳನ್ನು ಗ್ರೈಂಡ್ ಮಾಡಿ, ಸ್ಕ್ರೇಪರಿನ ಒತ್ತಡ ಕಡಿಮೆ ಮಾಡಿದೆ. ಸದ್ದು ಉಳಿದಿದೆ, ಬ್ಲೇಡು ಹರಿದಿಲ್ಲ. ಬಿಸಿ ಅಂಟಿನ ಜೋಡಣೆ ಮಾಡಿಸುವವರೆಗೆ ಹೀಗೆಯೇ.

ಬಾಲದ ಡ್ರಮ್ಮಿಗೆ ಮುಂಚೆ, ಕೆಳಬೆಲ್ಟಿನ ಒಳಮೈ ಮೇಲೆ ವಿ ಆಕಾರದ ನೇಗಿಲು, ಚೂಪು ಬರುವ ಬೆಲ್ಟಿಗೆ ಎದುರಾಗಿ. ಮೇಲಿಂದ ಬಿದ್ದ ಕಲ್ಲು ಡ್ರಮ್ಮಿಗೆ ಸಿಗುವ ಮುಂಚೆ ಆಚೀಚೆ ಹೋಗುತ್ತದೆ. ನೇಗಿಲಿಗೆ ಸರಪಳಿಯನ್ನೂ ಕಟ್ಟಿದೆ, ಕಳಚಿದರೆ ಅದೇ ಡ್ರಮ್ಮಿಗೆ ಹೋಗಬಾರದಲ್ಲ.

23ನೇ ದಿನ: ಎಂಟು ಗಂಟೆ

ಬೆಳಿಗ್ಗೆ ಚಾಲೂ, ಸಂಜೆ ನಿಲುಗಡೆ. ಬಾಗಿಲಿನಲ್ಲಿ ಎರಡು ಸಲ ಕಲ್ಲು ಕಮಾನು ಕಟ್ಟಿತು, ಹಾಪರಿನ ಹೊರಮೈಗೆ ಮರದ ಸುತ್ತಿಗೆಯ ಏಟು ಸಾಕಾಯಿತು. ಒಂದು ಚಿಕ್ಕ ವೈಬ್ರೇಟರ್ ಹಾಕಬೇಕು. ಬಾಲದ ಬೇರಿಂಗ್ ಬೆಚ್ಚಗಿತ್ತು, ಅಂಗೈ ಇಟ್ಟು ಹಿಡಿಯಬಹುದಾದಷ್ಟು. ಸ್ಕ್ರೂ 10 ಮಿ.ಮೀ. ಬಿಗಿಯಾಯಿತು, 156 ಉಳಿದಿದೆ.

ನಿಲ್ಲಿಸಿ, ಬೀಗ ಹಾಕಿ, ಕೀಲಿ ಜೇಬಿಗಿಟ್ಟು ಗೀರನ್ನು ಐದು ಕಡೆ ಆಳಮಾಪಕದಿಂದ ಅಳೆದೆ. ಅತಿ ಹೆಚ್ಚು ಆಳ 2.1. ಸ್ಕರ್ಟ್ ತಿರುಗಿಸಿದ ದಿನ ಸೀಮೆಸುಣ್ಣದಲ್ಲಿ ಫ್ರೇಮಿನ ಮೇಲೆ ಬರೆದಿಟ್ಟ ಅಂಕಿಯೂ 2.1.